ತಾತನ ಮಟನ್ ಅಂಗಡಿ ನಿಜಕ್ಕೂ 1865ರದ್ದಾ? ಹೆಂಚಿನ ಮೇಲೆ ಹಾಗಂತ ಇದೆ

ಕೊಕ್ಕೆಸಾಲು:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಮಂಡಿ ಮೊಹಲ್ಲಾ ಹತ್ತಿರ ನಮ್ಮದೊಂದು ಮಟನ್ ಅಂಗಡಿ ಇದೆ. ಮುತ್ತಾತ ಶುರು ಮಾಡಿದ್ದು. ಆಮೇಲೆ ತಾತ, ಆಮೇಲೆ ಅಪ್ಪ ಮತ್ತು ಚಿಕ್ಕಪ್ಪ. ಅಪ್ಪನಿಗೆ ಈಗ ಮಂಡಿ ನೋವು, ಮಾಂಸ ಕತ್ತರಿಸುವ ಕೊರಡಿನ ಮುಂದೆ ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ. ಎರಡು ವರ್ಷದಿಂದ ನಾನೇ ನೋಡಿಕೊಳ್ತಾ ಇದ್ದೇನೆ.

ಕಟ್ಟಡ ಹೀಗಿದೆ. ಮುಂದೆ ಅಂಗಡಿ, ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಚಾವಣಿ. ಹಿಂದೆ ಒಂದು ಉದ್ದನೆ ಕೋಣೆ, ಅದಕ್ಕೆ ಮಂಗಳೂರು ಹೆಂಚು. ಅದರ ಹಿಂದೆ ಕಲ್ಲು ಚಪ್ಪಡಿ ಹಾಕಿದ ಚಿಕ್ಕ ಹಿತ್ತಲು. ಮುಂಬಾಗಿಲು ಹಲಗೆ ಬಾಗಿಲು. ಒಂಬತ್ತು ಹಲಗೆ, ಒಂದೊಂದರ ಮೇಲೂ ಕನ್ನಡ ಅಂಕಿ ಕೆತ್ತಿದೆ. ಅದೇ ಸಾಲಿನಲ್ಲಿ ಜೋಡಿಸದಿದ್ದರೆ ಬಾಗಿಲು ಕೂರುವುದಿಲ್ಲ. ಒಳಗೆ ತೊಲೆಗೆ ಹೊಡೆದ ಕೊಕ್ಕೆಗಳು ಇವತ್ತಿಗೂ ಬಳಕೆಯಲ್ಲಿವೆ.

ಕಳೆದ ಮಳೆಗಾಲದಲ್ಲಿ ಹಿಂದಿನ ಕೋಣೆಯ ಗೋಡೆ ಗಾರೆ ದೊಡ್ಡದಾಗಿ ಕಳಚಿ ಬಿತ್ತು. ಜೊತೆಗೆ ನಾಲ್ಕು ಹೆಂಚು. ಒಂದನ್ನು ತೊಳೆದು ನೋಡಿದರೆ 'ಬಾಸೆಲ್ ಮಿಶನ್, ಮಂಗಳೂರು, 1865' ಅಂತ ಇಂಗ್ಲಿಷಿನಲ್ಲಿ ಅಚ್ಚು. ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ. ನೂರ ಅರವತ್ತು ವರ್ಷದ ಕಟ್ಟಡ ಅಂತ ಅಮ್ಮ ಬೀದಿಗೆಲ್ಲ ಹೇಳಿದ್ದಾರೆ.

ಗುತ್ತಿಗೆದಾರರೊಬ್ಬರು ಬಂದು ನೋಡಿ, ಕೆಡವಿ ಮೂರು ಮಹಡಿ ಕಟ್ಟಿ ಅಂದರು. ಚಿಕ್ಕಪ್ಪನಿಗೂ ಅದೇ ಮನಸ್ಸು. ನನಗೆ ಇಷ್ಟ ಇಲ್ಲ. ಮೂರು ಪ್ರಶ್ನೆ:
ಇದು ನಿಜವಾಗಿ 1865ರದ್ದಾ?
ಹಿಂದಿನ ಗೋಡೆ ಎಷ್ಟು ಸಲ ಸಿಮೆಂಟ್ ಮಾಡಿಸಿದರೂ ಯಾಕೆ ಉದುರುತ್ತದೆ? ನನಗೆ ನೆನಪಿರುವಂತೆ ಇದು ನಾಲ್ಕನೇ ಸಲ.
ತಾರಸಿ ಮೇಲೆ ಎರಡು ಗಿಡ್ಡ ಕಲ್ಲುಕಂಬ ಇವೆ, ತುದಿಯಲ್ಲಿ ಕಬ್ಬಿಣದ ಬಳೆ. ಅಪ್ಪನಿಗೂ ಗೊತ್ತಿಲ್ಲ. ಏನಿರಬಹುದು?

ಕುಡ್ಲದಹೆಂಚು:
ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಇಲ್ಲ. 1865 ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿನಲ್ಲಿ ಆ ವರ್ಷ ಹೆಂಚು ಮಾಡಲು ಶುರು ಮಾಡಿದರು. ಆಮೇಲೆ ಎಷ್ಟೋ ವರ್ಷ ಸುಟ್ಟ ಹೆಂಚಿಗೂ ಅದೇ ಇಸವಿ ಹಾಕುತ್ತಿದ್ದರು. ಊರಲ್ಲಿ ನಮ್ಮ ಅಜ್ಜಿ ಮನೆ ಹೆಂಚಿನ ಮೇಲೂ ಇದೆ, ಆ ಮನೆ ಕಟ್ಟಿದ್ದು 1911ರಲ್ಲಿ. ಕರಾವಳಿಯಲ್ಲಿ ಈ ತಪ್ಪು ತಿಳುವಳಿಕೆ ಮನೆ ಮನೆಗೂ ಉಂಟು.

ಕೊಕ್ಕೆಸಾಲು:
ಅಯ್ಯೋ. ಅಮ್ಮನಿಗೆ ಹೇಗೆ ಹೇಳೋದು ಈಗ.

ಕುಡ್ಲದಹೆಂಚು:
ಬೇಜಾರು ಮಾಡಬೇಡಿ, ಅದರಿಂದ ಬೇರೆ ಸುಳಿವು ಸಿಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಮಿಶನ್‌ನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡರು. ಯುದ್ಧದ ನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಬಾಸೆಲ್ ಮಿಶನ್ ಅಚ್ಚಿರುವ ಹೆಂಚು ಸಾಮಾನ್ಯವಾಗಿ ಅದಕ್ಕಿಂತ ಹಳೆಯದು. ನೂರು ವರ್ಷ ದಾಟಿದ ಹೆಂಚು ಅಂತ ಧೈರ್ಯವಾಗಿ ಹೇಳಬಹುದು.

ಗಾರೆಗಾಣ:
ಹೆಂಚು ಹಳೆಯದು ಅಂದ ಮಾತ್ರಕ್ಕೆ ಕಟ್ಟಡ ಅಷ್ಟೇ ಹಳೆಯದು ಅಂತಲ್ಲ. ಹಳೇ ಹೆಂಚನ್ನು ಒಂದು ಮನೆಯಿಂದ ಇಳಿಸಿ ಇನ್ನೊಂದಕ್ಕೆ ಹೊದಿಸುವುದು ಮೊದಲಿಂದಲೂ ಇದೆ. ಅಂಗಡಿಯ ಮುಂಭಾಗ ತೆರವು ಎಷ್ಟು ಅಗಲ? ಮೇಲೆ ಕಬ್ಬಿಣದ ತೊಲೆ ಏನಾದರೂ ಇದೆಯಾ? ಇದ್ದರೆ ಬಣ್ಣ ಕೆರೆದು ಪಕ್ಕದಲ್ಲಿ ಅಚ್ಚು ನೋಡಿ.

ಬೆಂಗಳೂರುದಂಡು:
ಇದನ್ನು ಓದಿ ನನಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ನೆನಪಾಯಿತು. 1927ರಲ್ಲಿ ಕಟ್ಟಿದ್ದು, 1933ರಲ್ಲಿ ಇಸ್ಮಾಯಿಲ್ ಸೇಠ್ ಉದ್ಘಾಟನೆ ಮಾಡಿದರು. ಆಗ ಅದು ಬ್ರಿಟಿಷರ ದಂಡು ಪ್ರದೇಶ, ಮೈಸೂರು ಸರ್ಕಾರದ ಕೈಯಲ್ಲಿರಲಿಲ್ಲ. ನಮ್ಮ ಮಾವ ಅಲ್ಲಿ ತರಕಾರಿ ವ್ಯಾಪಾರ ಮಾಡುತ್ತಿದ್ದರು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಾಗ ಬೆಳಗಿನ ಜಾವ ಎಲ್ಲರೂ ಓಡಿ ಹೋಗಿ ಕೈಗೆ ಸಿಕ್ಕಿದ್ದನ್ನು ಎಳೆದು ಹಾಕಿದೆವು. ಅಷ್ಟಾದರೂ ಗೋಡೆ, ಕಮಾನು ನಿಂತಿದ್ದವು. ವ್ಯಾಪಾರಿಗಳೇ ಮತ್ತೆ ಅಂಗಡಿ ಎಬ್ಬಿಸಿದರು. ಹಳೇ ಕಟ್ಟಡ ಅಂದರೆ ಕೆಡವಬೇಕು ಅಂತ ಯಾರಾದರೂ ಹೇಳಿದರೆ ನನಗೆ ಆ ಬೆಳಗು ನೆನಪಾಗುತ್ತದೆ. ಕೆಡವಬೇಡಿ ಅಣ್ಣಾ.

ನಾಲ್ಕುಮುಖದರಸ್ತೆ:
ಭಾವನೆ ಬೇರೆ, ಸುರಕ್ಷತೆ ಬೇರೆ. ಮೈಸೂರಿನವರೇ ಅಲ್ವಾ ನೀವು. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಕಡೆ ಕುಸಿಯಿತು. ಅಂಗಡಿಗೆ ದಿನಾ ಜನ ಬರುತ್ತಾರೆ, ಮಕ್ಕಳು ಬರುತ್ತಾರೆ. ಭಾನುವಾರ ಒಳಗೆ ಎಷ್ಟು ಜನ ನಿಂತಿರುತ್ತಾರೆ? ನಾನು ನಿಮ್ಮ ಚಿಕ್ಕಪ್ಪನ ಪರ. ಅವರಿಗೂ ಅಂಗಡಿ ಮೇಲೆ ಪ್ರೀತಿ ಇಲ್ಲ ಅಂತಲ್ಲ.

ಗಾರೆಗಾಣ:
ನಿಮ್ಮ ಕಾಳಜಿ ಸರಿ. ಆದರೆ ಕುಸಿದದ್ದು ಹಳೆಯದು ಅನ್ನೋ ಕಾರಣಕ್ಕೇ ಅಂತ ಹೇಳೋಕಾಗಲ್ಲ. ನಾನು ಇಪ್ಪತ್ತು ವರ್ಷದಿಂದ ಸುಣ್ಣದ ಗಾರೆ ಕೆಲಸ ಮಾಡಿಸುತ್ತಿದ್ದೇನೆ. ನಾನು ನೋಡಿದ ಹಾಳಾದ ತಾರಸಿಗಳಲ್ಲಿ ಜಾಸ್ತಿ ಎಲ್ಲವೂ ನೀರಿನಿಂದ ಹಾಳಾದವು. ಮೇಲೆ ಅರಳಿ ಗಿಡ ಬೇರು ಬಿಟ್ಟಿರುತ್ತದೆ, ನೀರು ಹೋಗುವ ತೂಬು ಕಟ್ಟಿರುತ್ತದೆ, ತೊಲೆಯ ತುದಿ ಗೋಡೆಯೊಳಗೇ ಕೊಳೆತಿರುತ್ತದೆ. ಮೊದಲು ತೊಲೆ ತುದಿಗಳನ್ನು ಪರೀಕ್ಷೆ ಮಾಡಿಸಿ. ಉಳಿ ತೆಗೆದುಕೊಂಡು ಗೋಡೆ ಸೇರುವ ಜಾಗದಲ್ಲಿ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಆ ತೊಲೆ ಬದಲಾಯಿಸಲೇಬೇಕು. ಕೆಡವೋದೋ ಉಳಿಸೋದೋ ಅನ್ನೋದು ಅದಾದ ಮೇಲಿನ ಮಾತು.

ನಾಲ್ಕುಮುಖದರಸ್ತೆ:
ಅದು ಒಪ್ಪುತ್ತೇನೆ. ಆದರೆ ಸುಮ್ನೆ ನೀವೇ ನೋಡಿಕೊಂಡರೆ ಸಾಲದು, ಒಬ್ಬ ಇಂಜಿನಿಯರ್ ನೋಡಲಿ.

ಮಳವಳ್ಳಿಮರಿ:
ಕಟ್ಟಡ ಇರಲಿ ಸ್ವಾಮಿ, ಮೊದಲು ಹೇಳಿ, ಯಾವ ಕುರಿ ತರ್ತೀರಿ? ಬಂಡೂರು ಸಿಗುತ್ತಾ ಈಗಲೂ?

ಕೊಕ್ಕೆಸಾಲು:
ಬನ್ನೂರು ಕುರಿ ವಾರಕ್ಕೆ ಎರಡೋ ಮೂರೋ. ಅದು ಮೊದಲೇ ಹೇಳಿಟ್ಟವರಿಗೆ. ಉಳಿದದ್ದು ಬೇರೆ ನಾಟಿ ಕುರಿ, ಸ್ವಲ್ಪ ಮೇಕೆ. ತಾತ ಕಿರುಗಾವಲು ಸಂತೆಗೆ ಹೋಗುತ್ತಿದ್ದರು. ಕುರಿಯ ಬೆನ್ನುಮೂಳೆ ಪಕ್ಕ ಬೆರಳಿಟ್ಟು ಒತ್ತಿ, ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಲೆಕ್ಕ ಹಾಕಿ ಬೆಲೆ ಹೇಳುತ್ತಿದ್ದರು. ಎರಡು ಹಲ್ಲಿನದ್ದು ಅವರ ಇಷ್ಟ. ನಾಲ್ಕು ಹಲ್ಲಾದರೆ ಬೇಡ ಅನ್ನೋರು.

ಮಳವಳ್ಳಿಮರಿ:
ಬನ್ನೂರು ಅಲ್ಲ, ಬಂಡೂರು! ಬಂಡೂರು ನಮ್ಮ ಮಳವಳ್ಳಿ ತಾಲ್ಲೂಕಿನ ಹಳ್ಳಿ. ಮೈಸೂರಿನವರು ಎಲ್ಲವನ್ನೂ ಬನ್ನೂರು ಮಾಡಿಬಿಟ್ಟಿದ್ದೀರಿ.

ತಿನರಸೀಪುರ:
ಬನ್ನೂರು ದೊಡ್ಡ ಊರು, ಆ ಹೆಸರಲ್ಲೇ ಬೆಂಗಳೂರಿನವರೆಗೂ ವ್ಯಾಪಾರ ಆಯಿತು. ಹಾಗಾಗಿ ಬನ್ನೂರು. ಇದರಲ್ಲಿ ತಪ್ಪೇನಿದೆ?

ಲೆಕ್ಕದಮೇಷ್ಟ್ರು:
ಇಬ್ಬರೂ ಜಗಳ ನಿಲ್ಲಿಸಿ. ಸರ್ಕಾರದ ತಳಿ ಪಟ್ಟಿಯಲ್ಲಿ ಅದರ ಹೆಸರು ಮಂಡ್ಯ ಕುರಿ. ಬನ್ನೂರು, ಬಂಡೂರು ಎರಡೂ ರೂಢಿಯ ಹೆಸರು. ಗಿಡ್ಡ ಕಾಲು, ಕೊಂಬಿಲ್ಲ, ಬಿಳಿ ಮೈ, ಮುಖದ ಹತ್ತಿರ ತಿಳಿ ಕಂದು. ಹಿಂದಿನಿಂದ ನೋಡಿದರೆ ಎರಡು ತೊಡೆ ಸೇರಿ ತಲೆಕೆಳಗಾದ ಲಾಳದ ಆಕಾರ. ಮಾಂಸದ ನಡುವೆ ಸಣ್ಣಗೆ ಕೊಬ್ಬು ಹರಡಿರುವುದರಿಂದಲೇ ಆ ರುಚಿ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಾಕಣೆ ಕೇಂದ್ರವೇ ಇದೆ.

ಮಳವಳ್ಳಿಮರಿ:
ಧನಗೂರು ಯಾವ ತಾಲ್ಲೂಕು ಅಂತ ಮೇಷ್ಟ್ರೇ ಬರೆದಿದ್ದಾರೆ. ನನಗೆ ಅಷ್ಟು ಸಾಕು.

ಅಡುಗೆಮನೆಅಕ್ಕ:
ಮೂರನೇ ಪ್ರಶ್ನೆ ಯಾರೂ ಮುಟ್ಟಲಿಲ್ಲ ಅಲ್ವಾ. ತಾರಸಿ ಮೇಲಿನ ಕಂಬ ಉಪ್ಪುಕಂಡ ಒಣಗಿಸೋಕೆ! ಒಂದು ಬಳೆಯಿಂದ ಇನ್ನೊಂದಕ್ಕೆ ತಂತಿ ಎಳೆದು ಕಟ್ಟುತ್ತಿದ್ದರು. ನಮ್ಮ ತವರುಮನೆ ಮಾಳಿಗೆ ಮೇಲೆ ಕಲ್ಲಿನ ಬದಲು ಸರ್ವೆ ಕಂಬ ಇತ್ತು.

ಆಗ ಫ್ರಿಜ್ ಎಲ್ಲಿತ್ತು? ಸಂಜೆ ಉಳಿದ ಬಾಡನ್ನು ಉದ್ದಕ್ಕೆ ಸೀಳಿ, ಉಪ್ಪು, ಅರಿಶಿನ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಸವರಿ, ಹೂಮಾಲೆ ಹಾಗೆ ದಾರಕ್ಕೆ ಪೋಣಿಸಿ ಬಿಸಿಲಿಗೆ ತೂಗು ಹಾಕುತ್ತಿದ್ದರು. ಕಾಗೆ ಕಾಯೋಕೆ ಮಕ್ಕಳು. ಕೈಯಲ್ಲಿ ಕೋಲು ಹಿಡಿದು ತಂತಿ ಕೆಳಗೆ ಕೂತಿರಬೇಕಿತ್ತು. ನಾನೂ ಕೂತಿದ್ದೇನೆ. ಮಳೆಗಾಲದಲ್ಲಿ ಅದನ್ನು ಕೆಂಡದ ಮೇಲೆ ಸುಟ್ಟು, ಜಜ್ಜಿ, ಮುದ್ದೆ ಜೊತೆ ಕೊಡುತ್ತಿದ್ದರು. ಅದರ ವಾಸನೆ ಈಗಲೂ ಮೂಗಿನಲ್ಲಿದೆ.

ಕೊಕ್ಕೆಸಾಲು:
ಅಕ್ಕಾ, ಈಗಷ್ಟೇ ಅಪ್ಪನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, ಅಜ್ಜಿ ತಾರಸಿ ಮೇಲೆ ಕೂತು ಕಾಗೆ ಓಡಿಸುತ್ತಿದ್ದದ್ದು ನೆನಪಾಯಿತು, ತಂತಿಯೂ ನೆನಪಾಯಿತು ಅಂದರು. ಇಷ್ಟು ದಿನ ಆ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೆವು.

ನ್ಯೂಜೆರ್ಸಿಬಾಡೂಟ:
ಇಲ್ಲಿ ಕೂತು ಇದನ್ನೆಲ್ಲ ಓದೋದು ಕಷ್ಟ. ಇಲ್ಲಿ ಮಟನ್ ಸಿಗುತ್ತದೆ, ಆದರೆ ಹೆಪ್ಪುಗಟ್ಟಿಸಿದ್ದು. ನಲ್ಲಿ ಮೂಳೆ ಬೇಕು ಅಂತ ಕೇಳಿದರೆ ನಾವು ಹೇಳಿದ ಕಡೆ ಕತ್ತರಿಸಿಕೊಡುವವರು ಯಾರೂ ಇಲ್ಲ. ನಮ್ಮ ತಂದೆ ಅಂಗಡಿಗೆ ಹೋದರೆ ಬಾಯಿ ತೆರೆಯಬೇಕಿರಲಿಲ್ಲ. ನೋಡಿದ ತಕ್ಷಣ ಒಂದು ಪಾಲು ತೊಡೆ, ಒಂದು ಪಾಲು ಪಕ್ಕೆ, ಮೇಲೆ ಒಂಚೂರು ಈಲಿ (ಲಿವರ್) ಅಂತ ಕಟ್ಟಿಕೊಡುತ್ತಿದ್ದರು. ಮುತ್ತುಗದೆಲೆಯಲ್ಲಿ ಸುತ್ತಿ, ಮೇಲೆ ಪೇಪರ್, ಬಾಳೆನಾರು. ಕೊಕ್ಕೆಸಾಲು ಅವರೇ, ನೀವು ಯಾವುದರಲ್ಲಿ ಕಟ್ಟುತ್ತೀರಿ?

ಕೊಕ್ಕೆಸಾಲು:
2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ ಮಾಡಿದ ಮೇಲೆ ಹಳೇ ಗಿರಾಕಿಗಳಿಗೆ ಡಬ್ಬಿ ತರೋಕೆ ಹೇಳಿದ್ದೇವೆ. ಸುಮಾರು ಜನ ತರುತ್ತಾರೆ. ಎಲೆ ತರಿಸೋಕೂ ಪ್ರಯತ್ನ ಮಾಡಿದೆ, ದಿನಾ ಸಿಗಲ್ಲ.

ಗಾರೆಗಾಣ:
ಎರಡನೇ ಪ್ರಶ್ನೆಗೆ ಬರುತ್ತೇನೆ. ಹಿಂದಿನ ಕೋಣೆಯಲ್ಲಿ ಮೊದಲು ಏನು ಮಾಡುತ್ತಿದ್ದರು? ತೊಗಲು ಇಡುತ್ತಿದ್ದರಾ?

ಕೊಕ್ಕೆಸಾಲು:
ಹೌದು! ಹೇಗೆ ಗೊತ್ತಾಯಿತು? ಅಪ್ಪ ಹೇಳುವ ಪ್ರಕಾರ ತಾತನ ಕಾಲದಲ್ಲಿ ಕುರಿ ತೊಗಲು ಅಲ್ಲೇ ಉಪ್ಪು ಸವರಿ ಗೋಡೆ ಪಕ್ಕ ಅಟ್ಟಿ ಹಾಕುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ವ್ಯಾಪಾರಿ ಬಂದು ಒಯ್ಯುತ್ತಿದ್ದರಂತೆ. ತಮಿಳುನಾಡಿನ ವಾಣಿಯಂಬಾಡಿ ಕಡೆ, ಚರ್ಮ ಹದ ಮಾಡುವವರಿಗೆ ಹೋಗುತ್ತಿತ್ತು ಅಂತ ಕೇಳಿದ್ದೇನೆ.

ಗಾರೆಗಾಣ:
ಹಾಗಾದರೆ ರೋಗ ಗೊತ್ತಾಯಿತು. ಅಷ್ಟು ವರ್ಷದ ಉಪ್ಪುನೀರು ಆ ಇಟ್ಟಿಗೆಯೊಳಗೆ ಇಳಿದಿದೆ. ಗೋಡೆಯೇ ಉಪ್ಪಿನಲ್ಲಿ ನೆನೆದಿದೆ. ಗಾಳಿಯ ತೇವ 75% ದಾಟಿದರೆ ಉಪ್ಪು ನೀರನ್ನು ಹೀರಿ ಕರಗುತ್ತದೆ. ಒಣ ಹವೆ ಬಂದಾಗ ಮತ್ತೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಮುಂದಿರುವ ಗಾರೆಯನ್ನು ತಳ್ಳುತ್ತದೆ. ಸುಣ್ಣದ ಗಾರೆ ಆದರೆ ಉಸಿರಾಡುತ್ತದೆ, ಉಪ್ಪು ಹೊರಗೆ ಬಂದು ಮೇಲೆ ಬಿಳಿ ಪುಡಿ ಆಗಿ ಕೂರುತ್ತದೆ, ಪೊರಕೆಯಲ್ಲಿ ಗುಡಿಸಬಹುದು. ಸಿಮೆಂಟ್ ಹಾಕಿದರೆ ದಾರಿ ಮುಚ್ಚಿ ಹೋಗುತ್ತದೆ. ಉಪ್ಪು ಅದರ ಬೆನ್ನ ಹಿಂದೆ ಕೂಡಿಕೊಂಡು ಒಂದು ದಿನ ಪೂರ್ತಿ ಪದರವನ್ನೇ ಕೆಡವುತ್ತದೆ. ನಾಲ್ಕು ಸಲ ಬಿದ್ದದ್ದು ಅದಕ್ಕೇ.

ಮಾಡಬೇಕಾದ್ದು: ಸಿಮೆಂಟ್ ಪೂರ್ತಿ ಕೆತ್ತಿ ತೆಗೆಯಿರಿ. ಇಟ್ಟಿಗೆಯನ್ನು ಕುಂಚಿಗೆಯಲ್ಲಿ ಒಣದಾಗಿಯೇ ಉಜ್ಜಿ, ಪುಡಿಯನ್ನು ಹೊರಗೆ ಹಾಕಿ. ಆಮೇಲೆ ಪೇಪರ್ ತಿರುಳನ್ನು ಒಳ್ಳೆ ನೀರಿನಲ್ಲಿ ನೆನೆಸಿ ಗೋಡೆಗೆ ದಪ್ಪಕ್ಕೆ ಮೆತ್ತಿ. ಒಣಗಿದ ಮೇಲೆ ಕಿತ್ತು ಎಸೆಯಿರಿ. ಉಪ್ಪು ಅದಕ್ಕೆ ಹತ್ತಿ ಬರುತ್ತದೆ. ಇದನ್ನು ಮೂರು ನಾಲ್ಕು ಸಲ ಮಾಡಬೇಕು, ಅವಸರ ಕೂಡದು. ಕೊನೆಗೆ ಸುಣ್ಣದ ಗಾರೆ. ಅದೂ ಕೆಲವು ವರ್ಷಕ್ಕೆ ಉದುರಬಹುದು, ಉದುರಲಿ. ಗೋಡೆಯ ಬದಲು ಗಾರೆ ಸಾಯಲಿ ಅಂತಲೇ ಹಾಕುವುದು. ದಯವಿಟ್ಟು ಟೈಲ್ಸ್ ಮಾತ್ರ ಅಂಟಿಸಬೇಡಿ.

ನಾಲ್ಕುಮುಖದರಸ್ತೆ:
ಮಟನ್ ಅಂಗಡಿಗೆ ಆಹಾರ ಸುರಕ್ಷತೆ ಪರವಾನಗಿ ಬೇಕಲ್ಲ, ತೊಳೆಯೋಕೆ ಆಗುವ ಗೋಡೆ ಇರಬೇಕು ಅನ್ನುತ್ತಾರೆ. ಟೈಲ್ಸ್ ಇಲ್ಲದಿದ್ದರೆ ಒಪ್ಪುತ್ತಾರಾ?

ಕೊಕ್ಕೆಸಾಲು:
ಮುಂದಿನ ಅಂಗಡಿಯಲ್ಲಿ ಟೈಲ್ಸ್ ಇದೆ, ಅಲ್ಲೇ ಕತ್ತರಿಸೋದು, ಮಾರೋದು. ಹಿಂದಿನ ಕೋಣೆಯಲ್ಲಿ ಈಗ ತಕ್ಕಡಿ, ಹಳೇ ಸಾಮಾನು ಮಾತ್ರ. ಹಿತ್ತಲಿನಲ್ಲಿ ಕುಯ್ಯುವುದು ನಿಂತು ಎಷ್ಟೋ ಕಾಲ ಆಯಿತು. 2001ರ ನಿಯಮ ಬಂದ ಮೇಲೆ ಪರವಾನಗಿ ಇರುವ ಕಸಾಯಿಖಾನೆಯಲ್ಲೇ ಆಗಬೇಕು. ಕಲ್ಲು ಚಪ್ಪಡಿ, ಅದರ ಇಳಿಜಾರು, ಮೂಲೆಯ ಮೋರಿ ಮಾತ್ರ ಹಾಗೇ ಉಳಿದಿವೆ.

(ಐದು ದಿನ ಬಿಟ್ಟು)

ಕೊಕ್ಕೆಸಾಲು:
ಹೊಸ ವಿಷಯ ಇದೆ. ಮುಂಬಾಗಿಲ ಮೇಲಿನ ಕಬ್ಬಿಣದ ತೊಲೆ ಕೆರೆದೆ. ಏಳೆಂಟು ಪದರ ಹಸಿರು ಬಣ್ಣದ ಕೆಳಗೆ 'ಡಾರ್ಮನ್ ಲಾಂಗ್, ಇಂಗ್ಲೆಂಡ್' ಅಂತ ಉಬ್ಬಿದ ಅಕ್ಷರ.

ಇನ್ನೊಂದು. ಅಟ್ಟ ಖಾಲಿ ಮಾಡುವಾಗ ತಗಡಿನ ಪೆಟ್ಟಿಗೆಯಲ್ಲಿ ಮೂರು ಲೆಕ್ಕದ ಪುಸ್ತಕ ಸಿಕ್ಕವು. ಗೆದ್ದಲು ಅಂಚು ತಿಂದಿದೆ, ಒಳಗೆ ಓದಬಹುದು. ಮೊದಲ ಪುಸ್ತಕದ ಮೊದಲ ಪುಟದಲ್ಲಿ ಅರಿಶಿನ ಕುಂಕುಮ ಹಚ್ಚಿ 'ಬಹುಧಾನ್ಯ ಸಂವತ್ಸರ ಚೈತ್ರ ಶುದ್ಧ ಬಿದಿಗೆ' ಅಂತ ಬರೆದಿದೆ. ಲೆಕ್ಕ ಎಲ್ಲ ರೂಪಾಯಿ, ಆಣೆ, ಪೈ. ತೂಕ ರಾತ್ಲು. ಇಸವಿ ಎಲ್ಲೂ ಇಲ್ಲ. ಯಾರಾದರೂ ಸಹಾಯ ಮಾಡಿ.

ಲೆಕ್ಕದಮೇಷ್ಟ್ರು:
ಬಹುಧಾನ್ಯ 60 ವರ್ಷಕ್ಕೊಮ್ಮೆ ಬರುತ್ತದೆ. ಮೊನ್ನೆಯದು 1998–99. ಅದಕ್ಕೆ ಹಿಂದಿನದು 1938–39. ಅದಕ್ಕೂ ಹಿಂದಿನದು 1878–79. ಆಣೆ ಪೈ ಲೆಕ್ಕ 1957ರ ಏಪ್ರಿಲ್‌ವರೆಗೆ ಇತ್ತು, ಆದ್ದರಿಂದ 1998 ಅಲ್ಲ. ಉಳಿದದ್ದು ಎರಡು.

ತಿನರಸೀಪುರ:
ಮುತ್ತಾತ ಅಂದರೆ 1878 ಇರಬಹುದಲ್ವಾ?

ಲೆಕ್ಕದಮೇಷ್ಟ್ರು:
ಖರ್ಚಿನ ಪಟ್ಟಿ ನೋಡಬೇಕು. ಕೊಕ್ಕೆಸಾಲು, ದೀಪಕ್ಕೆ ಏನು ಬರೆದಿದ್ದಾರೆ? ಸೀಮೆಎಣ್ಣೆನಾ?

ಕೊಕ್ಕೆಸಾಲು:
ಸೀಮೆಎಣ್ಣೆಯೂ ಇದೆ. ಆದರೆ ತಿಂಗಳಿಗೊಮ್ಮೆ 'ಲೈಟು ಬಿಲ್ಲು' ಅಂತ ಬೇರೆ ಇದೆ.

ಲೆಕ್ಕದಮೇಷ್ಟ್ರು:
ಮುಗಿಯಿತು. ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದೇ 1902ರಲ್ಲಿ, ಅದೂ ಮೊದಲು ಕೋಲಾರದ ಚಿನ್ನದ ಗಣಿಗೆ. ಆದ್ದರಿಂದ ಪುಸ್ತಕ 1938ರದ್ದು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಇದ್ದರು. ನಿಮ್ಮ ತೊಲೆಯೂ ಸಾಕ್ಷಿ. ಡಾರ್ಮನ್ ಲಾಂಗ್ ಕಂಪನಿ ಶುರುವಾದದ್ದೇ 1875ರಲ್ಲಿ, 1865ರಲ್ಲಿ ಕಟ್ಟುವಾಗ ಅದರ ತೊಲೆ ಹಾಕಿರಲು ಸಾಧ್ಯವಿಲ್ಲ.

ಅಡುಗೆಮನೆಅಕ್ಕ:
ಎಲ್ಲರೂ ಇಸವಿ ನೋಡುತ್ತಿದ್ದೀರಿ, ತಿಥಿ ನೋಡಲಿಲ್ಲ! ಚೈತ್ರ ಶುದ್ಧ ಬಿದಿಗೆ ಅಂದರೆ ಯುಗಾದಿಯ ಮರುದಿನ. ಬಾಡೂಟ ಮಾಡುವ ಹೊಸತೊಡಕು!

ಕೊಕ್ಕೆಸಾಲು:
ಅಕ್ಕಾ, ಮೈ ಜುಂ ಅಂತು. ನಿಜ. ಇವತ್ತಿಗೂ ನಾವು ಹೊಸ ಪುಸ್ತಕಕ್ಕೆ ಪೂಜೆ ಮಾಡೋದು ಹೊಸತೊಡಕಿನ ಬೆಳಗಿನ ಜಾವ 3 ಗಂಟೆಗೆ, ಬಾಗಿಲು ತೆಗೆಯುವ ಮೊದಲು. ಯಾಕೆ ಯುಗಾದಿ ದಿನ ಮಾಡಲ್ಲ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. ತಾತ, ನಮ್ಮ ಯುಗಾದಿ ನಾಳೆ ಮಗಾ ಅಂದಿದ್ದರು.

ಮಳವಳ್ಳಿಮರಿ:
ಹೊಸತೊಡಕಿನ ದಿನ ಸಾಲು ಎಷ್ಟು ಉದ್ದ ಇರುತ್ತದೆ ನಿಮ್ಮಲ್ಲಿ? ಬೆಂಗಳೂರಿನ ಮೈಸೂರು ರಸ್ತೆಯ ಪಾಪಣ್ಣ ಮಟನ್ ಸ್ಟಾಲ್ ಮುಂದಿನ ಸಾಲನ್ನು ಪ್ರತಿ ವರ್ಷ ಟಿವಿಯಲ್ಲಿ ತೋರಿಸುತ್ತಾರೆ. ನಮ್ಮೂರಲ್ಲಿ ಈಗಲೂ ಗುಡ್ಡೆ ಬಾಡು. ಹತ್ತು ಮನೆಯವರು ಸೇರಿ ಮರಿ ತಂದು, ಕುಯ್ದು, ಎಲೆ ಮೇಲೆ ಹತ್ತು ಗುಡ್ಡೆ ಹಾಕುತ್ತೇವೆ. ತಕ್ಕಡಿ ಇಲ್ಲ. ಪ್ರತಿ ಗುಡ್ಡೆಗೂ ಒಂದು ತುಂಡು ಈಲಿ, ಒಂದು ತುಂಡು ಬೋಟಿ ಬರಲೇಬೇಕು. ಇಲ್ಲದಿದ್ದರೆ ಜಗಳ.

ಬೆಂಗಳೂರುದಂಡು:
ನಮ್ಮ ಬೀದಿಯಲ್ಲಿ ಚೀಟಿ. ತಿಂಗಳು ತಿಂಗಳು ದುಡ್ಡು ಕಟ್ಟಿದರೆ ಹೊಸತೊಡಕಿಗೆ ಇಷ್ಟು ಕೆಜಿ ಮಟನ್ ಅಂತ. ಅಮ್ಮ ಒಂದು ವರ್ಷವೂ ತಪ್ಪಿಸಿಲ್ಲ.

ಅಶೋಕರಸ್ತೆ:
ಪುಸ್ತಕದಲ್ಲಿ ದಿನಾ ಖರ್ಚಿನಲ್ಲಿ ಯಾರಿಗಾದರೂ ಆಣೆ ಕೊಟ್ಟದ್ದು ಇದೆಯಾ ನೋಡಿ. ನಮ್ಮ ಅಜ್ಜ ಮೈಸೂರಿನಲ್ಲಿ ಮೂರು ನಾಲ್ಕು ಅಂಗಡಿಗೆ ಬೆಳಗಿನ ನಮಾಜ್ ಮುಗಿಸಿ ಹೋಗುತ್ತಿದ್ದರು, ಹಲಾಲ್ ಮಾಡಿಕೊಡೋಕೆ. ಅಂಗಡಿಯವರು ಹಿಂದೂಗಳೇ. ಎಲ್ಲ ಜಾತಿ ಗಿರಾಕಿಗಳೂ ತೆಗೆದುಕೊಳ್ಳಲಿ ಅಂತ ಕರೆಸುತ್ತಿದ್ದರು.

ಕೊಕ್ಕೆಸಾಲು:
ಇದೆ ಸಾರ್. ಪ್ರತಿ ದಿನ ಮೊದಲ ಸಾಲೇ ಅದು: 'ಮುಲ್ಲಾ ಸಾಬರಿಗೆ 1 ಆಣೆ'. ಶುಕ್ರವಾರ ಮಾತ್ರ 2 ಆಣೆ. ನನಗೆ ಇದು ಸಾಲದ ಬಡ್ಡಿ ಅನ್ನಿಸಿತ್ತು.

ಅಶೋಕರಸ್ತೆ:
ನಮ್ಮ ಅಜ್ಜನೇ ಅಂತ ಹೇಳೋಕೆ ಆಗಲ್ಲ, ಊರಲ್ಲಿ ಆ ಕೆಲಸ ಮಾಡುವವರು ಸುಮಾರು ಜನ ಇದ್ದರು. ಆದರೆ ಆ ಸಾಲನ್ನು ಒಂದು ಫೋಟೋ ತೆಗೆದು ಕಳಿಸುತ್ತೀರಾ? ನಮ್ಮ ಅಬ್ಬಾಗೆ ತೋರಿಸಬೇಕು.

ಕೊಕ್ಕೆಸಾಲು:
ಫೋಟೋ ಬೇಡ, ಅವರನ್ನೇ ಕರೆದುಕೊಂಡು ಬನ್ನಿ. ಪುಸ್ತಕ ಕೈಯಲ್ಲಿ ಹಿಡಿದು ನೋಡಲಿ.

ತಿನರಸೀಪುರ:
2022ರ ಯುಗಾದಿ ಹೊತ್ತಿನಲ್ಲಿ ಹಲಾಲ್ ವಿಚಾರಕ್ಕೆ ಎಷ್ಟು ಗಲಾಟೆ ಆಯಿತು. ಇಂಥ ಪುಸ್ತಕಗಳನ್ನು ಆಗ ತೋರಿಸಬೇಕಿತ್ತು.

ನಿರ್ವಾಹಕ:
ಆ ವಿಷಯಕ್ಕೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಅಂಗಡಿ ಮತ್ತು ಕಟ್ಟಡದ ಮಾತು ಮುಂದುವರಿಯಲಿ.

ಲೆಕ್ಕದಮೇಷ್ಟ್ರು:
ಉಳಿದ ಎರಡು ಪುಸ್ತಕ ಯಾವ ಕಾಲದ್ದು? ತೂಕ ಯಾವುದರಲ್ಲಿದೆ ನೋಡಿದರೆ ಗೊತ್ತಾಗುತ್ತದೆ. ಮೆಟ್ರಿಕ್ ತೂಕ 1958ರಿಂದ ಹಂತ ಹಂತವಾಗಿ ಬಂತು, 1962ರ ಹೊತ್ತಿಗೆ ಕಡ್ಡಾಯ ಆಯಿತು. ಅದಕ್ಕೆ ಮೊದಲು ನಮ್ಮ ಕಡೆ ಕಚ್ಚಾ ಸೇರು ಅಂದರೆ 24 ತೊಲ, ಈಗಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ರಾತ್ಲು ಅಂದರೆ ಪೌಂಡು, ಸುಮಾರು 450 ಗ್ರಾಂ. ನನ್ನ ತಾಯಿ ಕೊನೆವರೆಗೂ ಒಂದು ರಾತ್ಲು ಬಾಡು ತಾ ಅಂತಲೇ ಹೇಳುತ್ತಿದ್ದರು, ನಾನು ಅರ್ಧ ಕೆಜಿ ತರುತ್ತಿದ್ದೆ.

ಕೊಕ್ಕೆಸಾಲು:
ಮೂರನೇ ಪುಸ್ತಕದ ನಡುವೆ ರಾತ್ಲು ನಿಂತು ಕೆಜಿ ಶುರುವಾಗುತ್ತದೆ ಮೇಷ್ಟ್ರೇ. ಮೊದಲ ಕೆಲವು ಪುಟದಲ್ಲಿ ತಾತ ಎರಡೂ ಬರೆದು, ಪಕ್ಕದಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. ಗುಣಾಕಾರ ಮಾಡಿ ಹೊಡೆದುಹಾಕಿದ ಗುರುತು ಎಲ್ಲ ಇದೆ.

ಎರಡನೇ ಪುಸ್ತಕದಲ್ಲಿ ಮುಖ್ಯವಾದದ್ದು. 1938ರಿಂದ ಪ್ರತಿ ತಿಂಗಳು 'ಮಳಿಗೆ ಬಾಡಿಗೆ' ಅಂತ ಖರ್ಚು ಇದೆ. ಅಂದರೆ ಕಟ್ಟಡ ನಮ್ಮದಾಗಿರಲಿಲ್ಲ! ಪಾರ್ಥಿವ ಸಂವತ್ಸರದ ಆಷಾಢದಲ್ಲಿ ಬಾಡಿಗೆ ನಿಲ್ಲುತ್ತದೆ. ಅದೇ ಪುಟದಲ್ಲಿ 'ಮಳಿಗೆ ಕ್ರಯಕ್ಕೆ ಮುಂಗಡ' ಅಂತ ಇದೆ. ಅದರ ಕೆಳಗೆ ಮುತ್ತಜ್ಜಿಯ ಹೆಸರು, ಮುಂದೆ 'ಕಾಸಿನ ಸರ ಅಡವು'. ಅಪ್ಪನಿಗೂ ಚಿಕ್ಕಪ್ಪನಿಗೂ ಇದು ಗೊತ್ತೇ ಇರಲಿಲ್ಲ.

ಲೆಕ್ಕದಮೇಷ್ಟ್ರು:
ಪಾರ್ಥಿವ ಅಂದರೆ 1945–46. ಆಷಾಢ ಅಂದರೆ 1945ರ ಜುಲೈ ಆಸುಪಾಸು.

ಹಳೇಕಡತ:
ಹಾಗಾದರೆ ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ಹುಡುಕಬಹುದು. 2004ರ ನಂತರದ ಋಣಭಾರ ಪತ್ರ (ಇ.ಸಿ.) ಆನ್‌ಲೈನ್‌ನಲ್ಲಿ ಬರುತ್ತದೆ. ಹಳೆಯದಕ್ಕೆ ಅರ್ಜಿ ಕೊಟ್ಟು ಪುಸ್ತಕ ತೆಗೆಸಬೇಕು. ನಿಮಗೆ ಈಗ ವರ್ಷ ಗೊತ್ತಿರುವುದರಿಂದ ಕೆಲಸ ಸುಲಭ. 1945, 1946 ಎರಡೂ ವರ್ಷಕ್ಕೆ ಕೇಳಿ. ಕ್ರಯಪತ್ರದಲ್ಲಿ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆದಿರುತ್ತಾರೆ, ಮಾರಿದವರಿಗೆ ಆಸ್ತಿ ಹೇಗೆ ಬಂತು ಅಂತಲೂ ಇರುತ್ತದೆ. ಆ ಎಳೆ ಹಿಡಿದರೆ ಕಟ್ಟಿದವರು ಯಾರು ಅಂತ ಸಿಗಬಹುದು. ಅಲ್ಲಿ ಸಿಗದಿದ್ದರೆ ಮೈಸೂರಿನಲ್ಲೇ ವಿಭಾಗೀಯ ಪತ್ರಾಗಾರ ಇದೆ. ಮಧ್ಯವರ್ತಿಗೆ ದುಡ್ಡು ಕೊಡಬೇಡಿ, ನೀವೇ ಹೋಗಿ.

ನಾಲ್ಕುಮುಖದರಸ್ತೆ:
ಕಾಸಿನ ಸರ ಅಡವಿಟ್ಟು ಕೊಂಡ ಜಾಗ ಅಂತ ಗೊತ್ತಾದ ಮೇಲೆ ನಾನು ಕೆಡವಿ ಅನ್ನಲಾರೆ. ಆದರೂ ತೊಲೆ ಪರೀಕ್ಷೆ ಆಯಿತಾ?

(ಹನ್ನೆರಡು ದಿನ ಬಿಟ್ಟು)

ಕೊಕ್ಕೆಸಾಲು:
ತಡವಾಯಿತು, ಕ್ಷಮಿಸಿ. ಇಂಜಿನಿಯರ್ ಬಂದು ನೋಡಿದರು. ಮುಂದಿನ ತಾರಸಿಯ ಹದಿಮೂರು ತೊಲೆಯಲ್ಲಿ ಎರಡರ ತುದಿ ಕೊಳೆತಿದೆ, ಎರಡೂ ನೀರಿನ ತೂಬಿನ ಪಕ್ಕದವು. ಗಾರೆಗಾಣ ಅವರು ಹೇಳಿದ ಹಾಗೇ. ಉಳಿದವು ಗಟ್ಟಿ. ಹೊಸ ತೊಲೆ ಬರುವ ತನಕ ಕೆಳಗೆ ಆಸರೆ ಕಂಬ ಕೊಟ್ಟಿದ್ದೇವೆ, ಆ ಭಾಗಕ್ಕೆ ಗಿರಾಕಿಗಳನ್ನು ಬಿಡುತ್ತಿಲ್ಲ. ತಾರಸಿ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿದ್ದಾರೆ. ಎರಡು ತೊಲೆ ಬದಲಿಸುವಾಗ ಅಷ್ಟು ಭಾಗ ಬಿಚ್ಚಿ ಮತ್ತೆ ಹಾಕಬೇಕು ಅಂದರು.

ಚಿಕ್ಕಪ್ಪ ಪುಸ್ತಕ ಪೂರ್ತಿ ಓದಿದರು. ಮೂರು ರಾತ್ರಿ. ಮಹಡಿ ಮಾತು ಸದ್ಯಕ್ಕೆ ಬೇಡ, ಮೊದಲು ಮಳೆ ಬರೋದರೊಳಗೆ ಹಿಂದಿನ ಕೋಣೆ ಮುಗಿಸೋಣ ಅಂದಿದ್ದಾರೆ. ನನಗೆ ಅಷ್ಟೇ ಬೇಕಿತ್ತು.

ಅಶೋಕರಸ್ತೆ ಅವರ ಅಬ್ಬಾ ಭಾನುವಾರ ಬಂದಿದ್ದರು. ಅಪ್ಪ ಮತ್ತು ಅವರು ಕೊರಡಿನ ಪಕ್ಕ ಸ್ಟೂಲು ಹಾಕಿಕೊಂಡು ಮಧ್ಯಾಹ್ನದವರೆಗೂ ಮಾತಾಡಿದರು. ಹುಣಸೆ ಕೊರಡು ನೋಡಿ, ಇಷ್ಟು ಗುಂಡಿ ಬಿದ್ದಿದೆ, ಯಾಕೆ ಬದಲಾಯಿಸಿಲ್ಲ ಅಂತ ಕೇಳಿದರು. ದಿನಾ ಉಪ್ಪು ಹಾಕಿ ಕೆರೆದು ಕೆರೆದು ಅದು ಮಧ್ಯದಲ್ಲಿ ಒಂದು ಗೇಣು ತಗ್ಗಾಗಿದೆ. ನಾವು ಬಳಸೋದು ಹೊಸದನ್ನೇ, ಅದು ತಾತನದ್ದು, ಸುಮ್ನೆ ಇಟ್ಟಿದ್ದೇವೆ.

ಅಶೋಕರಸ್ತೆ:
ಅಬ್ಬಾ ಮನೆಗೆ ಬಂದವರು ರಾತ್ರಿವರೆಗೂ ಅದನ್ನೇ ಹೇಳುತ್ತಿದ್ದರು. ಧನ್ಯವಾದ.

ಗಾರೆಗಾಣ:
ಒಳ್ಳೆಯ ಸುದ್ದಿ. ಗಾರೆಗೆ ಅಂಗಡಿಯಲ್ಲಿ ಸಿಗುವ ಪುಡಿ ಸುಣ್ಣ ಬೇಡ. ಸುಟ್ಟ ಸುಣ್ಣದ ಕಲ್ಲು ತಂದು ನೀರಲ್ಲಿ ಅರಳಿಸಿ, ಕಡಿಮೆ ಅಂದರೂ ಮೂರು ವಾರ ತೊಟ್ಟಿಯಲ್ಲಿ ಕೊಳೆಯಲಿ. ಬೆಲ್ಲ ಮತ್ತು ಅಳಲೆಕಾಯಿ ನೀರನ್ನು ತಾರಸಿ ಗಾರೆಗೆ ಹಾಕಿ, ಉಪ್ಪಿನ ಗೋಡೆಗೆ ಬೇಡ. ನಂಜನಗೂಡು ಕಡೆ ಈ ಕೆಲಸ ಬಲ್ಲ ಇಬ್ಬರು ಮೇಸ್ತ್ರಿಗಳು ಇದ್ದಾರೆ, ಅವರ ವಿಷಯ ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ. ಹಿಂದಿನ ಕೋಣೆಗೆ ಹೆಂಚು ಎಷ್ಟು ಬೇಕು?

ಕೊಕ್ಕೆಸಾಲು:
ಒಡೆದದ್ದು, ಬಿರುಕು ಬಿಟ್ಟದ್ದು ಎಲ್ಲ ಸೇರಿ ಮೂವತ್ತೆರಡು. ಈಗಿನ ಹೆಂಚು ಇದರ ಜೊತೆ ಕೂರುತ್ತಿಲ್ಲ, ಅಳತೆ ಒಂದು ಬೆರಳು ವ್ಯತ್ಯಾಸ.

ಕುಡ್ಲದಹೆಂಚು:
ನಿಲ್ಲಿ, ಹೊಸದು ತೆಗೆದುಕೊಳ್ಳಬೇಡಿ. ಅಜ್ಜಿ ಮನೆಯ ದನದ ಕೊಟ್ಟಿಗೆ ಕಳೆದ ವರ್ಷ ತೆಗೆದೆವು. ಹೆಂಚು ಹಲಸಿನ ಮರದಡಿ ಜೋಡಿಸಿಟ್ಟಿದ್ದೇವೆ, ನಲವತ್ತಕ್ಕಿಂತ ಜಾಸ್ತಿ ಇರಬಹುದು. ಅದೇ ಬಾಸೆಲ್ ಮಿಶನ್, ಅದೇ 1865. ಒಂದರ ಅಳತೆ ತೆಗೆದು ಇವತ್ತು ಸಂಜೆ ಹಾಕುತ್ತೇನೆ, ನಿಮ್ಮದಕ್ಕೆ ಸರಿ ಹೊಂದುತ್ತದಾ ನೋಡಿ. ಹೊಂದಿದರೆ ಮೈಸೂರಿಗೆ ಬರುವ ಲಾರಿಯಲ್ಲಿ ಹಾಕಿಸುತ್ತೇನೆ. ದುಡ್ಡು ಬೇಡ, ಒಣಹುಲ್ಲಿಗೆ ಮಾತ್ರ ಕೊಡಿ. ಹೆಂಚುಗಳ ನಡುವೆ ಹುಲ್ಲು ಇಡದಿದ್ದರೆ ಘಾಟಿ ಹತ್ತೋದರೊಳಗೆ ಅರ್ಧ ಒಡೆದಿರುತ್ತವೆ.